ಆಟಿ ತಿಂಗಳ ಮಳೆಯಲ್ಲಿ ಕಾರಿನ ಮುಗ್ಗಲು ವಾಸನೆ: ನಾನು ಕಂಡುಕೊಂಡ ಉಪಾಯ

ಕಾರಿನ ಎಸಿ ಹಾಕಿದ ಕೂಡಲೇ ಒಂದು ಬಗೆಯ ಹುಳಿ ಬೆರೆತ ಮುಗ್ಗಲು ವಾಸನೆ ಬರುತ್ತದೆಂದು ಮೊದಲು ಹೇಳಿದವರು ಹಿಂದಿನ ಸೀಟಿನಲ್ಲಿ ಕುಳಿತಿದ್ದ ಅಮ್ಮ. "ಒದ್ದೆ ಗೋಣಿ ಎಲ್ಲಿಯಾದರೂ ಇಟ್ಟಿದ್ದೀಯಾ ಮಗಾ?" ಎಂದು ಕೇಳಿದರು. ಅಡಿಕೆ ತುಂಬಿದ ಗೋಣಿಯನ್ನೂ ಹಲಸಿನ ಹಣ್ಣನ್ನೂ ಒಯ್ದ ಗಾಡಿಯಾದ್ದರಿಂದ ಡಿಕ್ಕಿಯನ್ನೆಲ್ಲ ತೊಳೆದೆ, ವಾಸನೆ ಹೋಗಲಿಲ್ಲ. ಬದಿಯಡ್ಕ ಪೇಟೆಯಿಂದ ಮಲ್ಲಿಗೆಯ ಪರಿಮಳದ ಶೀಶೆಯೊಂದನ್ನು ತಂದು ಗಾಳಿ ಬರುವ ಕಿಂಡಿಗೆ ಸಿಕ್ಕಿಸಿದೆ. ಮರುದಿನದಿಂದ ಕಾರಿನಲ್ಲಿ ಮುಗ್ಗಿದ ಮಲ್ಲಿಗೆಯ ವಾಸನೆ ಬರತೊಡಗಿತು, ಮೊದಲಿನದೇ ಎಷ್ಟೋ ವಾಸಿ ಎನ್ನಿಸುವಷ್ಟು.

ಡ್ಯಾಶ್‌ಬೋರ್ಡಿನ ಒಳಗೆ ಇವಾಪೊರೇಟರ್ ಎಂಬ ಅಲ್ಯೂಮಿನಿಯಮ್ಮಿನ ಜಾಲರಿಯಿದೆ. ಎಸಿ ಚಾಲೂ ಇರುವಾಗ ಅದು ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಸ್ವಲ್ಪವೇ ಮೇಲಿನ ತಂಪಿನಲ್ಲಿರುವುದರಿಂದ, ಅದರ ಮೂಲಕ ಹಾಯುವ ಗಾಳಿಯ ತೇವವೆಲ್ಲ ಐಸ್‌ನೀರಿನ ಲೋಟದ ಹೊರಮೈಯಲ್ಲಿ ಕೂರುವಂತೆ ಹನಿಗಟ್ಟುತ್ತದೆ. ಈ ನೀರು ಸಣ್ಣ ಪೈಪಿನ ಮೂಲಕ ಕಾರಿನ ಅಡಿಗೆ ಸುರಿದುಹೋಗಬೇಕು. ಹೋಗದೆ ನಿಂತರೆ, ಅಥವಾ ಜಾಲರಿ ಒದ್ದೆಯಾಗಿಯೇ ಉಳಿದರೆ, ಅಲ್ಲಿ ಕೂತ ಧೂಳಿನ ಮೇಲೆ ಬೂಸ್ಟು ಬೆಳೆಯುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ನಮ್ಮ ಕಾಸರಗೋಡಿನಲ್ಲಿ ಗೋಡೆಗೇ ಬೂಸ್ಟು ಹಿಡಿಯುವಾಗ, ಈ ಕತ್ತಲೆಯ ಪೆಟ್ಟಿಗೆಗೆ ಹಿಡಿಯದಿರುವುದುಂಟೇ?

ಮೊದಲು ಕೈಹಾಕಿದ್ದು ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರಿಗೆ. ನನ್ನ ಕಾರಿನಲ್ಲಿ ಅದು ಎಡಗಡೆಯ ಸೀಟಿನ ಮುಂದಿರುವ ಗ್ಲೋವ್‌ಬಾಕ್ಸಿನ ಹಿಂದಿದೆ. ಬಾಕ್ಸನ್ನು ಖಾಲಿ ಮಾಡಿ, ಎರಡೂ ಬದಿಯನ್ನು ಒಳಕ್ಕೆ ಒತ್ತಿದರೆ ಅದು ಕೆಳಕ್ಕೆ ಬಾಗುತ್ತದೆ. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಫಿಲ್ಟರ್ ಸಲೀಸಾಗಿ ಹೊರಬರುತ್ತದೆ. ಬಿಳಿಯಾಗಿರಬೇಕಾದದ್ದು ಕಪ್ಪಾಗಿತ್ತು. ಮಡಿಕೆಗಳಲ್ಲಿ ಪತಂಗದ ರೆಕ್ಕೆ, ಎಲೆಯ ಪುಡಿ ಮತ್ತು ಹೆದ್ದಾರಿ ಅಗಲೀಕರಣದ ಕೆಂಪು ಧೂಳು ತುಂಬಿದ್ದವು. ₹350 ಕೊಟ್ಟು ಹೊಸದನ್ನು ತಂದು, ಅದರ ಅಂಚಿನ ಬಾಣದ ಗುರುತು ಗಾಳಿ ಸಾಗುವ ದಿಕ್ಕಿಗಿರುವಂತೆ ಕೂರಿಸಿದೆ. ವೈಪರಿನ ಕೆಳಗೆ ಹೊರಗಿನ ಗಾಳಿ ಒಳನುಗ್ಗುವ ಜಾಗವಿದೆಯಲ್ಲ, ಅಲ್ಲಿ ಕೊಳೆತು ಅಂಟಿಕೊಂಡಿದ್ದ ಹಲಸಿನ ಎಲೆಗಳನ್ನೂ ಬೊಗಸೆಗಟ್ಟಲೆ ತೆಗೆದೆ. ಬೇಸಗೆಯಿಡೀ ಹಲಸಿನ ಮರದ ನೆರಳಲ್ಲಿ ಕಾರು ನಿಲ್ಲಿಸಿದ್ದರ ಫಲ ಅದು.

ಒಂದು ವಾರ ನೆಮ್ಮದಿಯಾಗಿತ್ತು. ಎಂಟನೆಯ ದಿನ ವಾಸನೆ ಮರಳಿತು.

ಆಮೇಲೆ ಇವಾಪೊರೇಟರ್ ತೊಳೆಯುವ ನೊರೆಯ ಡಬ್ಬಿಯೊಂದನ್ನು ತಂದು, ಅದರ ಉದ್ದನೆಯ ನಳಿಕೆಯನ್ನು ಫಿಲ್ಟರಿನ ಕಿಂಡಿಯಿಂದ ತೂರಿಸಿ ಪೂರ್ತಿ ಸಿಂಪಡಿಸಿದೆ. ಅವಸರದಲ್ಲಿ ನಾನು ಮಾಡಿದ ತಪ್ಪು ಇದೇ. ನೊರೆಯು ನೀರಾಗಿ ಅಡಿಯ ಪೈಪಿನಿಂದ ಹೊರಹೋಗುವ ಬದಲು ಎಡಗಡೆಯ ಮ್ಯಾಟಿನ ಮೇಲೆ ಹರಿದುಬಂತು. ಪರಿಚಯದ ಮೆಕ್ಯಾನಿಕ್ಕನಿಗೆ ಫೋನ್ ಮಾಡಿದಾಗ ಆತ ನಕ್ಕು, "ಮಾಷ್ಟ್ರೇ, ಎಸಿ ಹಾಕಿದರೆ ಕಾರಿನ ಅಡಿಗೆ ನೀರು ಬೀಳ್ತದಾ ನೋಡಿದ್ದೀರಾ?" ಎಂದ. ಮಕ್ಕಳಿಗೆ ಕೇಳುವ ಪ್ರಶ್ನೆಯಷ್ಟು ಸರಳವಾದ ಅದು ನನಗೆ ಹೊಳೆದಿರಲೇ ಇಲ್ಲ. ಮಳೆಗಾಲದಲ್ಲಿ ಅಂಗಳವೇ ಒದ್ದೆಯಾಗಿರುವುದರಿಂದ ಕಾರಿನಡಿ ನೀರು ಬೀಳದಿದ್ದರೂ ಗೊತ್ತಾಗುವುದಿಲ್ಲ. ಶೆಡ್ಡಿನ ಒಣನೆಲದಲ್ಲಿ, ಬಾಗಿಲುಗಳನ್ನೆಲ್ಲ ತೆರೆದಿಟ್ಟು ಇಪ್ಪತ್ತು ನಿಮಿಷ ಎಸಿ ಓಡಿಸಿ ನೋಡಿದೆ. ಒಂದು ಹನಿಯೂ ಬೀಳಲಿಲ್ಲ.

ಎಂಜಿನ್ ಆರಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಟಾರ್ಪಾಲಿನ ಮೇಲೆ ಮಲಗಿ ಕೈಚಾಚಿದಾಗ ಎಂಜಿನ್ನಿನ ಹಿಂದೆ ಬೆರಳು ದಪ್ಪದ ರಬ್ಬರ್ ಪೈಪು ಸಿಕ್ಕಿತು. ಜಾಕ್ ಮಾತ್ರ ಕೊಟ್ಟು ನಿಲ್ಲಿಸಿದ ಕಾರಿನ ಅಡಿಗೆ ಯಾರೂ ನುಗ್ಗಬಾರದು. ಕೈಗೆ ಎಟುಕದಿದ್ದರೆ ಗ್ಯಾರೇಜಿಗೆ ಒಯ್ಯುವುದೇ ಲೇಸು. ಪೈಪಿನ ಬಾಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಕಬ್ಬಿಣದ ಸರಿಗೆ ಹಾಕಿದರೆ ಒಳಗಿನ ಜಾಲರಿಗೆ ತೂತು ಬೀಳಬಹುದೆಂದು, ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರದ ತುಂಡನ್ನು ಮೆಲ್ಲಗೆ ತಿರುಗಿಸುತ್ತ ತೂರಿಸಿದೆ. ಮಣ್ಣು ಉದುರಿದ ಮರುಕ್ಷಣ ಕಷಾಯದ ಬಣ್ಣದ ನೀರು ನನ್ನ ತೋಳಿನ ಮೇಲೆಯೇ ಸುರಿಯಿತು. ಆ ವಾಸನೆಯ ಮುಂದೆ ಅಮ್ಮನ ಒದ್ದೆ ಗೋಣಿ ಸುಗಂಧವೇ ಸರಿ.

ದಾರಿ ತೆರೆದ ಮೇಲೆ ಎರಡನೆಯ ಡಬ್ಬಿ ನೊರೆ ಹಾಕಿದೆ. ಗಾಳಿ ಊದುವ ಬ್ಲೋವರಿನ ಮೋಟರಿಗೆ ನೊರೆ ತಾಗದಂತೆ ಜಾಗ್ರತೆ ವಹಿಸಿ, ಡಬ್ಬಿಯ ಮೇಲೆ ಬರೆದಿದ್ದಷ್ಟು ಹೊತ್ತು ಕಾದು, ಕೆಳಗೆ ಕೊಳೆನೀರು ಇಳಿಯುವುದನ್ನು ಕಣ್ಣಾರೆ ಕಂಡೆ. ಬ್ಲೀಚಿಂಗ್ ಪೌಡರಿನ ನೀರು ಸಾಕೆಂದು ಕೆಲವರು ಹೇಳುವುದುಂಟು. ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಒದ್ದೆಯಾಗಿದ್ದ ಮ್ಯಾಟನ್ನು ಬಚ್ಚಲೊಲೆಯ ಬಳಿ ಎರಡು ದಿನ ತೂಗುಹಾಕಿ, ಅದರ ಕೆಳಗಿನ ಸ್ಪಂಜಿಗೆ ಟೇಬಲ್ ಫ್ಯಾನಿನ ಗಾಳಿ ಕೊಟ್ಟೆ. ಅದು ಒಣಗದೆ ಇದ್ದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥವಾಗುತ್ತಿತ್ತು.

ಮನೆ ತಲುಪುವ ಮೊದಲು ಎಸಿ ಆರಿಸಿ ಬರೀ ಬ್ಲೋವರ್ ಓಡಿಸಿದರೆ ಜಾಲರಿ ಒಣಗುತ್ತದೆ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ಒಣಹವೆಯ ಊರಿಗೆ ಅದು ಸರಿ. ನಮ್ಮಲ್ಲಿ ಆಟಿಯಲ್ಲಿ ಹೊರಗಿನ ಗಾಳಿಯೇ ನೀರುಂಡಿರುವುದರಿಂದ ಅದು ಏನನ್ನೂ ಬೇಗ ಒಣಗಿಸುವುದಿಲ್ಲ. ಮೇಲಾಗಿ ಸುರಿಯುವ ಮಳೆಯಲ್ಲಿ ಓಡಿಸುತ್ತಿರುವಾಗಲೇ ಎಸಿ ಆರಿಸಿದರೆ ಜಾಲರಿಯ ತೇವವೆಲ್ಲ ಗಾಜಿಗೆ ಬಡಿದು ದಾರಿಯೇ ಕಾಣದಂತಾಗುತ್ತದೆ. ಕುಂಬಳೆಯ ರಸ್ತೆಯ ತಿರುವೊಂದರಲ್ಲಿ ನನಗೆ ಹಾಗಾಗಿ ಎದೆ ಧಸಕ್ಕೆಂದಿತ್ತು. ಆದ್ದರಿಂದ ಈಗ ತೆರೆದ ಅಂಗಳಕ್ಕೆ ಬಂದು ನಿಂತ ಮೇಲೆ ಎಸಿ ಆರಿಸಿ, ಹೊರಗಿನ ಗಾಳಿಯ ಗುಂಡಿ ಒತ್ತಿ, ಹೀಟರನ್ನು ಪೂರ್ತಿ ತಿರುಗಿಸಿ, ಕಿಟಕಿ ಇಳಿಸಿ ಐದು ನಿಮಿಷ ಬ್ಲೋವರ್ ಓಡಿಸುತ್ತೇನೆ. ಹೀಟರಿಗೆ ಬೇಕಾದ ಬಿಸಿ ಎಂಜಿನ್ನಿನ ನೀರಿನಿಂದಲೇ ಬರುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಇದನ್ನು ಮಾಡಬಾರದು. ಹೊಗೆಯ ವಿಷಾನಿಲ ಪ್ರಾಣಕ್ಕೆ ಎರವಾಗುತ್ತದೆ.

ಎಲ್ಲ ವಾಸನೆಯೂ ಬೂಸ್ಟಿನದಲ್ಲ. ಪಾಕದಂಥ ಸಿಹಿ ವಾಸನೆ ಬಂದು ಗಾಜಿನ ಮೇಲೆ ಜಿಡ್ಡು ಕೂತರೆ ಹೀಟರಿನಿಂದ ಕೂಲೆಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಸೋರುತ್ತಿರಬಹುದು. ಪೆಟ್ರೋಲಿನ ಅಥವಾ ಸುಟ್ಟ ವೈರಿನ ವಾಸನೆಯಾದರೆ ಗಾಡಿಯನ್ನು ನಿಲ್ಲಿಸಿ ಮೆಕ್ಯಾನಿಕ್ಕನನ್ನೇ ಕರೆಯಬೇಕು.

ಅದಾಗಿ ಎರಡು ಮಳೆಗಾಲ ಕಳೆದಿವೆ. ಕಿಲೋಮೀಟರಿನ ಲೆಕ್ಕ ನೋಡದೆ, ಮಳೆ ಹಿಂದೆ ಸರಿಯುವ ಅಕ್ಟೋಬರಿನಲ್ಲಿ ಫಿಲ್ಟರ್ ಬದಲಿಸುತ್ತೇನೆ. ನೈಲಾನ್ ದಾರದ ತುಂಡು ಈಗ ಡಿಕ್ಕಿಯಲ್ಲಿ ಜಾಕಿನ ಪಕ್ಕದಲ್ಲಿದೆ. ಕಣಜಗಳು ಗೂಡು ಕಟ್ಟುವುದನ್ನೇನೂ ಬಿಟ್ಟಿಲ್ಲ.