ಆಮೆಯ ಚಿಪ್ಪಿನ ಕೊಳೆರೋಗ: ನೀರಿನಿಂದ ಹೊರಗಿಟ್ಟು ಗುಣಪಡಿಸಿದ ನನ್ನ ಅನುಭವ

ಪುಣೆಯಲ್ಲಿ ಕೆಂಪು ಕಿವಿಯ ಸ್ಲೈಡರ್ ಎಂಬ ನೀರಾಮೆ ಸಾಕಿದವರಿಗೆ ಮಳೆಗಾಲವೇ ದೊಡ್ಡ ಪರೀಕ್ಷೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಅಪರೂಪ. ಬಾಲ್ಕನಿಯ ಗಾಜಿನ ಮೂಲಕ ಬರುವ ಬೆಳಕಿನಲ್ಲಿ ಯುವಿಬಿ, ಅಂದರೆ ಚಿಪ್ಪು ಗಟ್ಟಿಯಾಗಿರಲು ಆಮೆಗೆ ಬೇಕಾದ ನೇರಳಾತೀತ ಕಿರಣ, ಇರುವುದಿಲ್ಲ. ನನ್ನ ಆಮೆಯ ಬೆನ್ನುಚಿಪ್ಪಿನ ಅಂಚಿನಲ್ಲಿ ಬಿಳಿ ಮಚ್ಚೆ ಕಂಡಾಗ, ಅದು ಪೊರೆ ಕಳಚುತ್ತಿದೆಯಷ್ಟೇ ಎಂದು ಅಂಗಡಿಯವರು ಸಾಧಿಸಿದರು. ಕಳಚುವ ಪೊರೆ ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ ಬಿಟ್ಟುಕೊಳ್ಳುತ್ತದೆ, ಅದರ ಅಡಿಯಲ್ಲಿ ಚಿಪ್ಪು ಗಟ್ಟಿಯಾಗಿರುತ್ತದೆ. ಇಲ್ಲಿ ಉಗುರು ಒತ್ತಿದರೆ ತಗ್ಗು ಬೀಳುತ್ತಿತ್ತು, ಹತ್ತಿರ ಹಿಡಿದರೆ ನಾತ ಬರುತ್ತಿತ್ತು.

ಅಂಗಡಿಯ ನೀಲಿ ಔಷಧಕ್ಕೆ ಆರೇಳುನೂರು ರೂಪಾಯಿ ಹೋಯಿತು. ತೊಟ್ಟಿಯ ಮೂಲೆಗಳ ಸಿಲಿಕೋನ್ ನೀಲಿಯಾಯಿತೇ ಹೊರತು ಮಚ್ಚೆ ಕದಲಲಿಲ್ಲ. ಅರಿಶಿನ ಹಚ್ಚಿದರೆ ಆ ಬಣ್ಣದ ಅಡಿಯಲ್ಲಿ ಗಾಯ ಮಾಯುತ್ತಿದೆಯೋ ಹರಡುತ್ತಿದೆಯೋ ತಿಳಿಯುವುದಿಲ್ಲ.

ಕೊನೆಗೆ ಪಶುವೈದ್ಯರಿಂದ ಕೊಳೆತ ಭಾಗವನ್ನು ಕೆರೆಸಿ, ಆಮೆಯನ್ನು ಒಣ ಟಬ್ಬಿಗೆ ವರ್ಗಾಯಿಸಿದೆ. ದಿನಕ್ಕೊಮ್ಮೆ ತೆಳು ಮಾಡಿದ ಪೊವಿಡೋನ್ ಅಯೋಡಿನ್ ಎಂಬ ಸೋಂಕುನಿವಾರಕದಿಂದ ಮೃದುವಾದ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೊಳೆದು, ಪೂರ್ತಿ ಆರಿದ ಮೇಲೆ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಸವರುತ್ತಿದ್ದೆ. ಬಲ್ಬಿನ ಕೆಳಗೆ ಶಾಖ ಮೂವತ್ತು ಮೂವತ್ತೆರಡು ಡಿಗ್ರಿ ಇರುತ್ತಿತ್ತು. ಸ್ಲೈಡರ್ ನೀರಿನಲ್ಲಲ್ಲದೆ ನುಂಗಲಾರದಾದ್ದರಿಂದ, ಔಷಧ ಹಚ್ಚುವ ಮೊದಲು ಸುಮಾರು ಒಂದು ಗಂಟೆ ಬೇರೆ ಪಾತ್ರೆಯ ಬೆಚ್ಚನೆಯ ನೀರಿನಲ್ಲಿ ಬಿಟ್ಟು ಉಣಿಸುತ್ತಿದ್ದೆ. ಧಾರವಾಡದಿಂದ ಬಂದಿದ್ದ ನಮ್ಮ ಮಾವನವರು, “ನೀರಾಗಿನ ಪ್ರಾಣಿನ್ನ ಒಣಾ ಇಟ್ಟು ಕೊಲ್ತೀರೇನ್ರಿ?” ಎಂದು ದಿನವೂ ಕೇಳುತ್ತಿದ್ದರು; ಆಮೆ ಸಾಕುವ ಗೆಳೆಯರೂ ನಕ್ಕರು. ತಿಂಗಳು ದಾಟುವಷ್ಟರಲ್ಲಿ ತಗ್ಗಿನ ತಳ ಗಟ್ಟಿಯಾಗಿ, ವಾಸನೆ ಸಂಪೂರ್ಣವಾಗಿ ಹೋಯಿತು. ಈಗ ಅದೇ ಗೆಳೆಯರು ತಮ್ಮ ಆಮೆಗಳ ಚಿತ್ರ ಕಳುಹಿಸಿ ನನ್ನನ್ನು ಕೇಳುತ್ತಾರೆ.

ಮುಲಾಮು, ಅಯೋಡಿನ್ ಸೇರಿ ಇನ್ನೂರು ಮುನ್ನೂರು ಆಗಿರಬೇಕು; ನಿಜವಾದ ಖರ್ಚು ಎರಡೂವರೆ ಸಾವಿರದ ಯುವಿಬಿ ಟ್ಯೂಬಿನದು, ಅದೂ ವರ್ಷದೊಳಗೆ ಬದಲಾಯಿಸಬೇಕಾದದ್ದು, ಏಕೆಂದರೆ ಬೆಳಕು ಉಳಿದರೂ ಯುವಿಬಿ ಕುಗ್ಗುತ್ತದೆ. ಸುಣ್ಣದಂಶಕ್ಕಾಗಿ ಸಾಕುಪ್ರಾಣಿ ಅಂಗಡಿಯ ದುಬಾರಿ ಕಟಲ್‌ಫಿಶ್ ಮೂಳೆಯ ಬದಲು ಗ್ರಂಥಿಗೆ ಅಂಗಡಿಯ ಸಮುದ್ರನೊರೆಯನ್ನೇ ಕೊಟ್ಟು ನೋಡಿದೆ: ವಸ್ತು ಒಂದೇ, ಬೆಲೆ ತೀರಾ ಕಡಿಮೆ. ಮೊದಮೊದಲು ಮೂಸಿಯೂ ನೋಡದ ಆಮೆಗೆ ಅದನ್ನು ರೂಢಿ ಮಾಡಿಸಿದ ಉಪಾಯವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಕೆಳಚಿಪ್ಪಿನ ಅಡಿಯಲ್ಲಿ ಕೆಂಪು ಛಾಯೆ ಹರಡಿದ್ದರೆ, ಇಲ್ಲವೇ ಆಮೆ ಓರೆಯಾಗಿ ತೇಲುತ್ತ ಮೂಗಿನಿಂದ ಗುಳ್ಳೆ ಬಿಡುತ್ತಿದ್ದರೆ ಈ ವಿಧಾನ ನಡೆಯದು. ಮೊದಲನೆಯದು ಸೋಂಕು ರಕ್ತಕ್ಕಿಳಿದಿರುವುದರ, ಎರಡನೆಯದು ಶ್ವಾಸಕೋಶಕ್ಕೆ ತಗುಲಿರುವುದರ ಲಕ್ಷಣವಾಗಿರಬಹುದು. ಎರಡಕ್ಕೂ ವೈದ್ಯರ ಇಂಜೆಕ್ಷನ್ನೇ ಬೇಕಾಗುತ್ತದೆ.