ಜರ್ಮನಿಯಲ್ಲಿ ಸಹಿ ಹಾಕುವ ಮುನ್ನ: ನಿಮ್ಮ ಕೆಲಸದಲ್ಲಿ ಯಾರ್ಯಾರ ಪಾತ್ರ ಏನೇನು

ಕಳೆದ ತಿಂಗಳು ಒಂದು ಭಾನುವಾರ ರಾತ್ರಿ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣ, ಶುಕ್ರವಾರ ಆಫೀಸಿನಲ್ಲಿ ಒಂದು ಕಾಗದ ಕೊಟ್ಟರು. ಸಹಿ ಹಾಕಿಬಿಟ್ಟೆ" ಎಂದ. ತಲೆಬರಹ ಓದು ಎಂದೆ. ಅಕ್ಷರ ಕೂಡಿಸಿಕೊಂಡು ಓದಿದ: "ಔಫ್‌ಹೇಬುಂಗ್ಸ್‌ಫೆರ್ಟ್ರಾಗ್." ಅಂದರೆ ಕಂಪನಿ ಮತ್ತು ನೌಕರ ಪರಸ್ಪರ ಒಪ್ಪಿ ಕೆಲಸ ಮುಗಿಸುವ ಒಪ್ಪಂದ. ನನ್ನ ಎದೆ ಧಸಕ್ಕೆಂದಿತು. ಏಳು ವರ್ಷಗಳ ಹಿಂದೆ ಅದೇ ತಲೆಬರಹದ ಕಾಗದಕ್ಕೆ ನಾನೂ ಸಹಿ ಹಾಕಿದ್ದೆ. ಈಚೆಗೆ ಒಂದೇ ವರ್ಷದಲ್ಲಿ ಇಂಥ ಫೋನ್ ಇದು ನಾಲ್ಕನೆಯದು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ವೀಸಾ, ತೆರಿಗೆ ವರ್ಗ, ಆರೋಗ್ಯ ವಿಮೆ, ಮನೆ ನೋಂದಣಿ ಇವೆಲ್ಲ ಬಂದ ವಾರದಲ್ಲೇ ಎಲ್ಲರಿಗೂ ತಿಳಿಯುತ್ತವೆ. ತಿಳಿಯದೇ ಉಳಿಯುವುದು ಬೇರೆ. ಬೆಂಗಳೂರಿನ ಐಟಿ ಕಂಪನಿಯಲ್ಲಿ ನಮ್ಮ ಪಾಲಿಗೆ ಇದ್ದವರು ಇಬ್ಬರೇ, ಮ್ಯಾನೇಜರ್ ಮತ್ತು ಎಚ್‌ಆರ್. ಅವರಿಬ್ಬರೂ ಕೈಬಿಟ್ಟರೆ ರಾಜೀನಾಮೆ ಬರೆದುಕೊಟ್ಟು ಬೇರೆ ಕಡೆ ನೋಡಿಕೊಳ್ಳುತ್ತಿದ್ದೆವು. ಇಲ್ಲಿ ಹಾಗಲ್ಲ. ನೌಕರರು ಆರಿಸಿದ ಮಂಡಳಿ, ಕಾರ್ಮಿಕ ಸಂಘ, ಮಾಲೀಕರ ಒಕ್ಕೂಟ, ಉದ್ಯೋಗ ಕಚೇರಿ, ಕಾರ್ಮಿಕ ನ್ಯಾಯಾಲಯ, ಹೀಗೆ ಒಬ್ಬೊಬ್ಬರಿಗೂ ಕಾನೂನು ಒಂದೊಂದು ಹೊಣೆ ಹಂಚಿಕೊಟ್ಟಿದೆ. ಆದರೆ ಅವರಾಗಿ ಯಾರೂ ನಿಮ್ಮ ಬಾಗಿಲಿಗೆ ಬರುವುದಿಲ್ಲ. ನೀವೇ ಹೋಗಬೇಕು, ಅದೂ ಗಡುವಿನೊಳಗೆ.

ನನ್ನ ಕಥೆ ಹೇಳುತ್ತೇನೆ. ಒಂದೇ ಕಂಪನಿಯಲ್ಲಿ ಆರು ವರ್ಷ ಕೆಲಸ ಮಾಡಿದ್ದೆ. ಒಂದು ಗುರುವಾರ ಮಧ್ಯಾಹ್ನ ಸಣ್ಣ ಮೀಟಿಂಗ್ ಕೋಣೆಗೆ ಕರೆದರು. ಮೇಜಿನ ಮೇಲೆ ಎರಡು ನೀರಿನ ಬಾಟಲಿ, ಒಂದೇ ಒಪ್ಪಂದದ ಎರಡು ಪ್ರತಿ, ಅವುಗಳ ಮೇಲೆ ಅಡ್ಡಲಾಗಿ ಇಟ್ಟ ನೀಲಿ ಪೆನ್ನು. ಎಚ್‌ಆರ್‌ನ ಮಹಿಳೆ ಬಹಳ ಮೃದುವಾಗಿ ಮಾತನಾಡಿದರು. ವಿಭಾಗ ಮುಚ್ಚುತ್ತಿದೆ, ಪರಸ್ಪರ ಒಪ್ಪಿ ಬೇರ್ಪಟ್ಟರೆ ನಿಮ್ಮ ಹೆಸರಿಗೂ ಒಳ್ಳೆಯದು, ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆ, ಎರಡು ತಿಂಗಳ ಸಂಬಳ ಪರಿಹಾರ, ಆದರೆ ಈ ಕೊಡುಗೆ ಇವತ್ತಿಗೆ ಮಾತ್ರ ಎಂದರು. ಕೆಲಸದಿಂದ ತೆಗೆದುಹಾಕಿದರು ಎನಿಸಿಕೊಳ್ಳುವುದಕ್ಕಿಂತ ಮಾನವಾಗಿ ಹೊರಡೋಣ ಎಂದುಕೊಂಡೆ. ನಲವತ್ತು ನಿಮಿಷದಲ್ಲಿ ಸಹಿ ಹಾಕಿ ಎದ್ದು ಬಂದೆ.

ನಾನು ಕಳೆದುಕೊಂಡದ್ದರ ಲೆಕ್ಕ ಕೇಳಿ. ಐದು ವರ್ಷ ಪೂರೈಸಿದ ನೌಕರನನ್ನು ತೆಗೆಯಬೇಕಾದರೆ ಕಂಪನಿ ಎರಡು ತಿಂಗಳ ನೋಟಿಸ್ ಕೊಡಬೇಕು, ಅದೂ ತಿಂಗಳ ಕೊನೆಗೆ ಮುಗಿಯುವಂತೆ. ಆ ಎರಡು ತಿಂಗಳ ಸಂಬಳ ಹೇಗಿದ್ದರೂ ನನ್ನದೇ. ಅದನ್ನೇ ಅವರು ಪರಿಹಾರ ಎಂಬ ಹೆಸರಿಟ್ಟು ಕೈಗಿಟ್ಟರು. ಎಂಟು ವರ್ಷವಾಗಿದ್ದರೆ ನೋಟಿಸ್ ಮೂರು ತಿಂಗಳು, ಹತ್ತಾದರೆ ನಾಲ್ಕು, ಇಪ್ಪತ್ತಾದರೆ ಏಳು. ಯಾವುದೇ ಪರಿಹಾರದ ಮೊತ್ತ ಕೇಳಿದಾಗ ಮೊದಲು ಇದನ್ನು ಕಳೆದು ನೋಡಿ.

ಎರಡನೆಯ ಪೆಟ್ಟು ಬಿದ್ದದ್ದು ಉದ್ಯೋಗ ಕಚೇರಿಯಲ್ಲಿ. ಪ್ರತಿ ತಿಂಗಳೂ ಸಂಬಳದಿಂದ ನಿರುದ್ಯೋಗ ವಿಮೆಗೆ ಹಣ ಕಟ್ಟಿದ್ದೇನೆ, ಭತ್ಯೆ ಬರುತ್ತದೆ ಎಂದು ನಂಬಿ ಹೋದೆ. ಕೊನೆಯ ಮೂವತ್ತು ತಿಂಗಳಲ್ಲಿ ಹನ್ನೆರಡು ತಿಂಗಳು ಕಟ್ಟಿದ್ದರೆ ಸಾಮಾನ್ಯವಾಗಿ ನಿವ್ವಳ ಸಂಬಳದ 60 ಶೇಕಡಾ, ಮಕ್ಕಳಿದ್ದರೆ 67 ಶೇಕಡಾ ಸಿಗುತ್ತದೆ. ಆದರೆ ನಾನು ಒಪ್ಪಂದಕ್ಕೆ ಸಹಿ ಹಾಕಿದ್ದೆನಲ್ಲ, ಕಾನೂನಿನ ಕಣ್ಣಿಗೆ ಕೆಲಸವನ್ನು ನಾನೇ ಬಿಟ್ಟಂತೆ. ಕಿಟಕಿಯ ಆಚೆ ಕೂತಿದ್ದವರು ಒಂದೇ ಪದ ಹೇಳಿದರು: ಶ್ಪೆರ್‌ತ್ಸೈಟ್. ಅಂದರೆ ಭತ್ಯೆಗೆ ತಡೆ. ಹನ್ನೆರಡು ವಾರ ಒಂದು ಸೆಂಟ್ ಕೂಡ ಇಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ಭತ್ಯೆ ಪಡೆಯಬಹುದಾದ ಒಟ್ಟು ಅವಧಿಯಲ್ಲೂ ಕನಿಷ್ಠ ಕಾಲು ಭಾಗ ಕಡಿತ. ತಿಂಗಳಿಗೆ ಮೂರು ಸಾವಿರ ಯುರೋ ಕೈಗೆ ಬರುತ್ತಿದ್ದ, ಮಗುವಿರುವ ಒಬ್ಬ ನೌಕರನಿಗೆ ಆ ಹನ್ನೆರಡು ವಾರದ ನಷ್ಟವೇ ಐದೂವರೆ ಸಾವಿರ ಯುರೋ ದಾಟುತ್ತದೆ. ಜೊತೆಗೆ, ನೋಟಿಸ್ ಅವಧಿಯನ್ನು ಮೊಟಕು ಮಾಡಿಕೊಂಡು ಪರಿಹಾರ ಪಡೆದವರ ಭತ್ಯೆಯನ್ನು ತಡೆಹಿಡಿಯುವ ಇನ್ನೊಂದು ನಿಯಮವೂ ಇದೆ. ನಾನು ಎರಡಕ್ಕೂ ಸಿಕ್ಕಿಬಿದ್ದೆ.

ಒತ್ತಡ ಹಾಕಿ ಸಹಿ ಮಾಡಿಸಿಕೊಂಡರು ಎಂದು ನ್ಯಾಯಾಲಯಕ್ಕೆ ಹೋಗಬಹುದಲ್ಲ ಎಂದು ಹಲವರು ಕೇಳುತ್ತಾರೆ. ಬಹಳ ಕಷ್ಟ. ಎರ್ಫುರ್ಟ್‌ನಲ್ಲಿರುವ ಫೆಡರಲ್ ಕಾರ್ಮಿಕ ನ್ಯಾಯಾಲಯ 2019ರಲ್ಲಿ, ಇಂಥ ಒಪ್ಪಂದವನ್ನು ಗ್ರಾಹಕರು ಖರೀದಿ ರದ್ದು ಮಾಡುವಂತೆ ಹಿಂತೆಗೆದುಕೊಳ್ಳಲು ಬರುವುದಿಲ್ಲ ಎಂದಿತು. ಮಾತುಕತೆ ನ್ಯಾಯಯುತವಾಗಿರಬೇಕು ಎಂದೂ ಆಗಲೇ ಹೇಳಿತು, ನಿಜ. ಆದರೆ 2022ರಲ್ಲಿ, ಈಗಲೇ ಒಪ್ಪಬೇಕು ಎಂದು ಷರತ್ತು ಹಾಕಿದ ಮಾತ್ರಕ್ಕೆ ಅದು ಅನ್ಯಾಯವಾಗುವುದಿಲ್ಲ ಎಂದು ತೀರ್ಪು ಕೊಟ್ಟಿತು. ಹಾಗಾಗಿ ನಿಮ್ಮ ರಕ್ಷಣೆ ಇರುವುದು ಸಹಿಗೆ ಮುಂಚೆ. "ಮನೆಗೆ ಕೊಂಡುಹೋಗಿ ಓದುತ್ತೇನೆ" ಎಂಬ ಒಂದೇ ವಾಕ್ಯವನ್ನು ಜರ್ಮನ್‌ನಲ್ಲಿ ಬಾಯಿಪಾಠ ಮಾಡಿಟ್ಟುಕೊಳ್ಳಿ. ಅವರು ಮುಖ ಗಂಟಿಕ್ಕಿದರೂ ಎದ್ದು ಬನ್ನಿ. ಭತ್ಯೆಗೆ ತಡೆ ಬಾರದ ಹಾಗೆ ಒಪ್ಪಂದ ಬರೆಯುವ ದಾರಿಗಳಿವೆ. ನೋಟಿಸ್ ಅವಧಿ ಪೂರ್ತಿ ಇರಬೇಕು, ಇಲ್ಲದಿದ್ದರೆ ಕಂಪನಿಯೇ ತೆಗೆಯುವುದಿತ್ತು ಎಂಬ ಕಾರಣ ಸ್ಪಷ್ಟವಾಗಿರಬೇಕು, ಮತ್ತೂ ಕೆಲವು ಷರತ್ತುಗಳು. ಅದು ಕಾರ್ಮಿಕ ಕಾನೂನಿನ ವಕೀಲರ ಕೆಲಸ, ನಮ್ಮದಲ್ಲ.

ಕಂಪನಿಗೆ ಈ ಒಪ್ಪಂದ ಏಕೆ ಇಷ್ಟು ಇಷ್ಟ? ಇದಕ್ಕೆ ಉತ್ತರ ತಿಳಿಯಲು ಬೆಟ್ರೀಬ್ಸ್‌ರಾಟ್ ಎಂದರೇನು ಎಂದು ತಿಳಿಯಬೇಕು. ನೌಕರರೇ ಮತ ಹಾಕಿ ಆರಿಸುವ ಮಂಡಳಿ ಇದು. ಐವರು ಖಾಯಂ ನೌಕರರಿರುವ ಜಾಗದಲ್ಲೂ ಆರಿಸಿಕೊಳ್ಳಬಹುದು, ಆದರೆ ತಾನಾಗಿಯೇ ಹುಟ್ಟುವುದಿಲ್ಲ. ನೌಕರರು ಮುಂದಾಗದ ಕಡೆ ಇರುವುದೂ ಇಲ್ಲ. ನಾಲ್ಕು ವರ್ಷಕ್ಕೊಮ್ಮೆ ಮಾರ್ಚ್‌ನಿಂದ ಮೇ ತಿಂಗಳೊಳಗೆ ಚುನಾವಣೆ. ನಮ್ಮ ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಮತ ಹಾಕಬಹುದು, ಆರು ತಿಂಗಳು ಕೆಲಸ ಮಾಡಿದ್ದರೆ ನಿಲ್ಲಲೂಬಹುದು. ಇದು ಕಾರ್ಮಿಕ ಸಂಘವಲ್ಲ, ಚಂದಾ ಇಲ್ಲ, ಸದಸ್ಯತ್ವ ಇಲ್ಲ. ಉನ್ನತ ಆಡಳಿತದಲ್ಲಿರುವ ಕೆಲವರನ್ನು ಬಿಟ್ಟರೆ ಎಲ್ಲ ನೌಕರರಿಗೂ ಇದು ಪ್ರತಿನಿಧಿ.

ಈ ಮಂಡಳಿ ಇರುವ ಕಡೆ, ಯಾರನ್ನೇ ಕೆಲಸದಿಂದ ತೆಗೆಯುವ ಮೊದಲು ಕಂಪನಿ ಕಾರಣ ಸಮೇತ ಮಂಡಳಿಯ ಅಭಿಪ್ರಾಯ ಕೇಳಲೇಬೇಕು. ಸಾಮಾನ್ಯ ವಜಾಕ್ಕೆ ಉತ್ತರಿಸಲು ಮಂಡಳಿಗೆ ಒಂದು ವಾರ ಸಮಯ. ಕೇಳದೆ ಕೊಟ್ಟ ವಜಾ ಪತ್ರ ಅಸಿಂಧು. ಆದರೆ ಪರಸ್ಪರ ಒಪ್ಪಂದ ವಜಾ ಅಲ್ಲ. ಅದಕ್ಕೆ ಮಂಡಳಿಯನ್ನು ಕೇಳುವ ಅಗತ್ಯವೇ ಇಲ್ಲ, ವಜಾ ವಿರುದ್ಧದ ರಕ್ಷಣೆಯ ಕಾನೂನೂ ಅಲ್ಲಿಗೆ ಬರುವುದಿಲ್ಲ. ನಿಮ್ಮ ಒಂದು ಸಹಿಯಿಂದ ಮಂಡಳಿ, ನ್ಯಾಯಾಲಯ, ನೋಟಿಸ್ ಎಲ್ಲವನ್ನೂ ದಾಟಿ ಹೋಗಲು ಕಂಪನಿಗೆ ದಾರಿಯಾಗುತ್ತದೆ. ನನ್ನ ಮೀಟಿಂಗ್ ಕೋಣೆಯಿಂದ ಮಂಡಳಿಯ ಕಚೇರಿಗೆ ಎರಡು ಮಹಡಿ ಅಂತರ. ಆರು ವರ್ಷದಲ್ಲಿ ಒಮ್ಮೆಯೂ ಆ ಬಾಗಿಲು ತಟ್ಟಿರಲಿಲ್ಲ. ಮೂರು ತಿಂಗಳಿಗೊಮ್ಮೆ ಅವರು ಕೆಲಸದ ವೇಳೆಯಲ್ಲೇ ಕರೆಯುವ ಸಭೆಗೆ, ಎಲ್ಲ ಜರ್ಮನ್‌ನಲ್ಲಿ ನಡೆಯುತ್ತದೆ ಎಂದು ಹೋಗುತ್ತಿರಲಿಲ್ಲ. ನೀವು ಹೋಗಿ. ಅರ್ಧ ಅರ್ಥವಾದರೂ ಸಾಕು, ಮುಖ ಪರಿಚಯವಾಗುತ್ತದೆ.

ಹೆಚ್ಚುವರಿ ಕೆಲಸದ ವಿಷಯಕ್ಕೂ ಇದೇ ಮಂಡಳಿ. ಓವರ್‌ಟೈಮ್ ಮಾಡಿಸಲು, ಕೆಲಸದ ಮೇಲೆ ನಿಗಾ ಇಡುವ ಸಾಫ್ಟ್‌ವೇರ್ ತರಲು ಮಂಡಳಿಯ ಒಪ್ಪಿಗೆ ಬೇಕು. ದಿನದ ಕೆಲಸ ಮುಗಿದ ಮೇಲೆ ಸತತ ಹನ್ನೊಂದು ಗಂಟೆ ವಿಶ್ರಾಂತಿ ಕಾನೂನಿನ ಮಾತು. ಬೆಂಗಳೂರಿನ ತಂಡದ ಜೊತೆ ನಡುರಾತ್ರಿ ಕೂತು ಶ್ರದ್ಧೆ ತೋರಿಸುವ ನಮ್ಮ ಹುಡುಗರು ಇಲ್ಲಿ ಮೆಚ್ಚುಗೆ ಗಳಿಸುವುದಿಲ್ಲ, ಮ್ಯಾನೇಜರನ್ನು ತೊಂದರೆಗೆ ಸಿಕ್ಕಿಸುತ್ತಾರೆ.

ಕಾರ್ಮಿಕ ಸಂಘದ ಪಾತ್ರ ಬೇರೆ. ಸಂಬಳ, ವಾರದ ಗಂಟೆ, ರಜೆ ಇವನ್ನು ಮಾಲೀಕರ ಒಕ್ಕೂಟದ ಜೊತೆ ಚೌಕಾಸಿ ಮಾಡುವುದು ಸಂಘ. ಮುಷ್ಕರ ಕರೆಯುವ ಹಕ್ಕು ಅದಕ್ಕಿದೆ, ಮಂಡಳಿಗಿಲ್ಲ. ಸರ್ಕಾರ ಈ ಚೌಕಾಸಿಯಲ್ಲಿ ತಲೆ ಹಾಕುವುದಿಲ್ಲ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ ಒಂಬತ್ತನೆಯ ವಿಧಿಯೇ ಕಾಯುತ್ತದೆ. ಕನಿಷ್ಠ ವೇತನ ಬಂದದ್ದೇ 2015ರಲ್ಲಿ, ಗಂಟೆಗೆ 8.50 ಯುರೋದಿಂದ. ಅದಕ್ಕೂ ಮುಂಚೆ ದೇಶಕ್ಕೆಲ್ಲ ಒಂದೇ ಕಾನೂನುಬದ್ಧ ಕನಿಷ್ಠ ವೇತನ ಇರಲಿಲ್ಲ. ಇಗೆ ಮೆಟಾಲ್, ವೆರ್‌ಡಿಯಂಥ ದೊಡ್ಡ ಸಂಘಗಳ ಚಂದಾ ತಿಂಗಳ ಸಂಬಳದ ಒಂದು ಶೇಕಡಾ. ದುಬಾರಿ ಎನ್ನುವವರಿದ್ದಾರೆ. ಆದರೆ ಸದಸ್ಯರಿಗೆ ಕಾರ್ಮಿಕ ಮೊಕದ್ದಮೆಯಲ್ಲಿ ಸಂಘ ಕಾನೂನು ನೆರವು ಕೊಡುತ್ತದೆ. ಸಂಕಟ ಬಂದ ದಿನ ಸೇರಿದರೆ ಅದು ಸಿಗುವುದಿಲ್ಲ, ಮೊದಲೇ ಸೇರಿರಬೇಕು.

ಇನ್ನು ನಿಜವಾದ ವಜಾ ಪತ್ರವೇ ಬಂತು ಎನ್ನಿ. ಅದು ಕಾಗದದ ಮೇಲೆ, ಶಾಯಿಯ ಸಹಿಯೊಂದಿಗೆ ಇರಬೇಕು. ಇಮೇಲ್, ವಾಟ್ಸಾಪ್‌ನಲ್ಲಿ ಬಂದದ್ದಕ್ಕೆ ಬೆಲೆ ಇಲ್ಲ. ಕೈ ಸೇರಿದ ದಿನದಿಂದ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಮೀರಿದರೆ, ಎಷ್ಟೇ ತಪ್ಪು ವಜಾ ಆದರೂ ಸಾಮಾನ್ಯವಾಗಿ ಸಿಂಧುವಾಗಿಬಿಡುತ್ತದೆ. ಎಚ್‌ಆರ್ ಜೊತೆ ಮಾತುಕತೆ ನಡೆಯುತ್ತಿದೆ ಎಂದರೆ ಗಡುವು ನಿಲ್ಲುವುದಿಲ್ಲ. ಊರಿಗೆ ನಾಲ್ಕು ವಾರ ಹೋಗುವ ನಮಗೆ ಇಲ್ಲೊಂದು ಅಪಾಯವಿದೆ. ನೀವು ಊರಿನಲ್ಲಿದ್ದಾಗ ಇಲ್ಲಿನ ಅಂಚೆ ಪೆಟ್ಟಿಗೆಗೆ ಪತ್ರ ಹಾಕಿದರೂ ತಲುಪಿದಂತೆಯೇ ಲೆಕ್ಕ. ತಡವಾದ ದಾವೆಯನ್ನು ಒಪ್ಪಿಸಿಕೊಳ್ಳಲು ಅವಕಾಶವಿದೆ, ಆದರೆ ಅದಕ್ಕೂ ಎರಡೇ ವಾರ. ಪಕ್ಕದ ಮನೆಯವರಿಗೆ ಪೆಟ್ಟಿಗೆಯ ಕೀಲಿ ಕೊಟ್ಟು ಹೋಗಿ. ಲಕೋಟೆಯ ಮೇಲೆ ಸಿಕ್ಕ ದಿನಾಂಕ ಬರೆಯಲು ಹೇಳಿ, ಲಕೋಟೆಯನ್ನು ಎಸೆಯಬೇಡಿ.

ಈ ನ್ಯಾಯಾಲಯಕ್ಕೆ ಹೆದರಬೇಕಾಗಿಲ್ಲ. ಮೊದಲ ಹಂತದಲ್ಲಿ ವಕೀಲರು ಕಡ್ಡಾಯವಲ್ಲ. ಗೆದ್ದರೂ ಸೋತರೂ ಆ ಹಂತದಲ್ಲಿ ಅವರವರ ವಕೀಲರ ಶುಲ್ಕ ಅವರವರದು, ಸೋತರೆ ಕಂಪನಿಯ ವಕೀಲರ ಬಿಲ್ಲು ನಿಮ್ಮ ತಲೆಗೆ ಬರುವುದಿಲ್ಲ. ಮೊದಲು ಒಬ್ಬ ನ್ಯಾಯಾಧೀಶರ ಮುಂದೆ ರಾಜಿ ಮಾತುಕತೆ, ಬಹಳಷ್ಟು ಪ್ರಕರಣಗಳು ಅಲ್ಲೇ ಮುಗಿಯುತ್ತವೆ. ಮುಂದುವರಿದರೆ ಪೀಠದಲ್ಲಿ ಮೂವರು: ನಡುವೆ ನ್ಯಾಯಾಧೀಶರು, ಅಕ್ಕಪಕ್ಕ ಮಾಲೀಕರ ಕಡೆಯಿಂದ ಒಬ್ಬರು, ನೌಕರರ ಕಡೆಯಿಂದ ಒಬ್ಬರು. ಗೆಳೆಯನೊಬ್ಬನ ವಿಚಾರಣೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನೌಕರರ ಕಡೆಯ ಆ ಹಿರಿಯರು, ಕೆಲಸ ಮಾಡಿ ಗಡುಸಾದ ಕೈಗಳನ್ನು ಮೇಜಿನ ಮೇಲೆ ಜೋಡಿಸಿಕೊಂಡು, ಕಂಪನಿಯ ವಕೀಲರನ್ನು ಪಾಳಿಯ ಪಟ್ಟಿಯ ಬಗ್ಗೆ ಒಂದೊಂದಾಗಿ ಪ್ರಶ್ನೆ ಕೇಳುತ್ತಿದ್ದರು. ನಮ್ಮಂಥವನೊಬ್ಬ ತೀರ್ಪು ಕೊಡುವ ಪೀಠದಲ್ಲಿ ಕೂತಿದ್ದನ್ನು ನಾನು ಕಂಡದ್ದು ಅದೇ ಮೊದಲು. ಈ ಒಂದು ಕಾರಣಕ್ಕೆ ನಾನು ಜರ್ಮನಿಯ ಪದ್ಧತಿಯೇ ಮೇಲು ಎನ್ನುತ್ತೇನೆ. ನಮ್ಮಲ್ಲಿ ಎಲ್ಲವೂ ನೌಕರನೊಬ್ಬನ ಧೈರ್ಯದ ಮೇಲೆ ನಿಂತಿರುತ್ತದೆ, ಇಲ್ಲಿ ಅವನ ಪಕ್ಕದಲ್ಲಿ ಒಂದು ಕುರ್ಚಿ ಮೊದಲೇ ಹಾಕಿಟ್ಟಿರುತ್ತಾರೆ. ಆದರೂ ಒಂದು ಎಚ್ಚರಿಕೆ. ಮೊದಲ ಆರು ತಿಂಗಳು, ಮತ್ತು ಹತ್ತು ಅಥವಾ ಅದಕ್ಕೂ ಕಡಿಮೆ ನೌಕರರಿರುವ ಸಣ್ಣ ಕಂಪನಿಗಳಲ್ಲಿ, ವಜಾ ರಕ್ಷಣೆಯ ಕಾನೂನು ಅನ್ವಯಿಸುವುದಿಲ್ಲ. ಹೊಸ ಸ್ಟಾರ್ಟ್‌ಅಪ್ ಸೇರುವವರು ಇದನ್ನು ನೆನಪಿಡಿ.

ಕೆಲಸ ಮುಗಿಯುವುದು ತಿಳಿದ ಕೂಡಲೇ ಎರಡು ಕಡೆ ಹೋಗಬೇಕು. ಕೊನೆಯ ದಿನಕ್ಕೆ ಮೂರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ, ತಿಳಿದ ಮೂರು ದಿನದೊಳಗೆ ಉದ್ಯೋಗ ಕಚೇರಿಯಲ್ಲಿ ಕೆಲಸ ಹುಡುಕುತ್ತಿದ್ದೇನೆ ಎಂದು ನೋಂದಾಯಿಸಬೇಕು, ತಡವಾದರೆ ಒಂದು ವಾರದ ಭತ್ಯೆಗೆ ತಡೆ. ಬ್ಲೂ ಕಾರ್ಡ್ ಅಥವಾ ಕೆಲಸದ ವೀಸಾದಲ್ಲಿ ಇರುವವರು, ಕೆಲಸ ಅವಧಿಗೆ ಮುನ್ನವೇ ಮುಗಿಯುತ್ತದೆ ಎಂದು ತಿಳಿದ ಎರಡು ವಾರದೊಳಗೆ ವಿದೇಶಿಯರ ಕಚೇರಿಗೆ ತಿಳಿಸಬೇಕು. ಕಂಪನಿಯೂ ಪ್ರತ್ಯೇಕವಾಗಿ ತಿಳಿಸುತ್ತದೆ, ಆದ್ದರಿಂದ ಮುಚ್ಚಿಡುವ ಯೋಚನೆಯೇ ಬೇಡ.

ಫೋನ್ ಮಾಡಿದ ಹುಡುಗ ಸೋಮವಾರ ಬೆಳಗ್ಗೆಯೇ ನೋಂದಾಯಿಸಿದ. ವಕೀಲರು ಕಾಗದ ನೋಡಿ, ಸಹಿ ಬಿದ್ದಿದೆ, ಇನ್ನು ಮಾಡುವುದೇನೂ ಉಳಿದಿಲ್ಲ ಎಂದರು. ಮಧ್ಯಾಹ್ನ ಅವನು ಮೊದಲ ಬಾರಿಗೆ ಮಂಡಳಿಯ ಬಾಗಿಲು ತಟ್ಟಿದ. ಅವರು ಅವನ ಅನುಭವ ಪತ್ರದ ಕರಡನ್ನು ಓದಿ, "ನಮ್ಮ ತೃಪ್ತಿಗೆ ತಕ್ಕಂತೆ ಕೆಲಸ ಮಾಡಿದರು" ಎಂಬ ಸಾಲಿನ ಕೆಳಗೆ ಗೆರೆ ಎಳೆದರು. ಕನ್ನಡದ ಕಿವಿಗೆ ಹೊಗಳಿಕೆಯಂತೆ ಕೇಳುವ ಆ ಸಾಲು ಇಲ್ಲಿ ಹೇಗೋ ಪಾಸಾದ ಎಂಬ ಅರ್ಥ ಕೊಡುತ್ತದೆ. ಮಂಡಳಿಯ ಹೆಂಗಸೊಬ್ಬರು ಅವನ ಜೊತೆ ಎಚ್‌ಆರ್ ಕೋಣೆಗೆ ನಡೆದರು. ಹೊಸ ಪತ್ರದಲ್ಲಿ "ಸದಾ" ಮತ್ತು "ಸಂಪೂರ್ಣ" ಎಂಬ ಎರಡು ಪದ ಸೇರಿವೆ. ಅದನ್ನು ಹಿಡಿದುಕೊಂಡೇ ಈ ವಾರ ಸಂದರ್ಶನಕ್ಕೆ ಹೋಗುತ್ತಿದ್ದಾನೆ.