ಡಿಶ್‌ವಾಷರ್ ಪಾತ್ರೆ ಒಣಗಿಸ್ತಿಲ್ವಾ? ಮೊದಲು ತಟ್ಟೆ ಮುಟ್ಟಿ ನೋಡಿ

ಮಷೀನ್ ಎರಡು ಗಂಟೆ ಓಡಿದೆ, ಬಾಗಿಲು ತೆಗೆದರೆ ಲೋಟ ತಟ್ಟೆಗಳಿಂದ ನೀರು ತೊಟ್ಟಿಕ್ಕುತ್ತಿದೆ. ಹೀಟರ್ ಹೋಯ್ತು ಅಂತ ಫೋನ್ ಎತ್ತಿಕೊಳ್ಳುವುದಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿ. 65 ಅಥವಾ 70 ಡಿಗ್ರಿಯ ಪ್ರೋಗ್ರಾಂ ಹಾಕಿ. ಇಂಟೆನ್ಸಿವ್, ಕಡಾಯಿ, ನಿಮ್ಮ ಮಷೀನಿನಲ್ಲಿ ಯಾವ ಹೆಸರಿದೆಯೋ ಅದು. ಕೊನೆಯ ಸಲ ನೀರು ಹೊರಹೋಗಿ ಮಷೀನ್ ಸುಮ್ಮನಾಗುತ್ತದಲ್ಲ, ಅದಾಗಿ ಐದು ನಿಮಿಷಕ್ಕೆ ಬಾಗಿಲು ಮೆಲ್ಲಗೆ ತೆಗೆಯಿರಿ. ಮುಖ ದೂರ ಇರಲಿ, ಹಬೆ ಹೊಡೆಯುತ್ತದೆ. ಒಂದು ಸ್ಟೀಲ್ ತಟ್ಟೆ ಮುಟ್ಟಿ ನೋಡಿ. ಕೈ ಚುರ್ ಅನ್ನುವಷ್ಟು ಬಿಸಿ ಇದೆಯಾ? ಹಾಗಾದರೆ ಹೀಟರ್ ಕೆಲಸ ಮಾಡುತ್ತಿದೆ, ತೊಂದರೆ ಬೇರೆ ಕಡೆ. ತಟ್ಟೆ ತಣ್ಣಗಿದ್ದರೆ ಮಾತ್ರ ಹೀಟರ್ ಕಡೆ ತಲೆ ಕೆಡಿಸಿಕೊಳ್ಳಬೇಕು.

ಯಾಕೆ ಹೀಗೆ ಅಂದರೆ, ನಮ್ಮಲ್ಲಿ ಮಾರಾಟವಾಗುವ ಹೆಚ್ಚಿನ ಮಷೀನ್‌ಗಳಲ್ಲಿ ಪಾತ್ರೆ ಒಣಗಿಸುವುದಕ್ಕೆ ಅಂತ ಬೇರೆ ಹೀಟರ್ ಇರುವುದೇ ಇಲ್ಲ. ಬಿಸಿ ಗಾಳಿಯನ್ನೂ ಊದುವುದಿಲ್ಲ. ಕೊನೆಯ ಜಾಲಾಟದ ನೀರನ್ನು ಚೆನ್ನಾಗಿ ಕಾಯಿಸಿ ಪಾತ್ರೆ ಮೇಲೆ ಹೊಡೆಯುತ್ತದೆ, ಪಾತ್ರೆ ಬಿಸಿಯಾಗುತ್ತದೆ, ಅದರ ಮೇಲಿನ ನೀರು ಆವಿಯಾಗಿ ಒಳಗಿನ ಸ್ಟೀಲ್ ಗೋಡೆಗೆ ತಾಗಿ ತಣ್ಣಗಾಗಿ ಕೆಳಗೆ ಇಳಿದುಹೋಗುತ್ತದೆ. ಒಣಗಿಸೋದು ಅಂದರೆ ಇಷ್ಟೇ. ಹಾಗಾಗಿ ನೀರು ಕಾಯಿಸುವ ಹೀಟರ್ ಕೆಟ್ಟರೆ ಪಾತ್ರೆ ಒಣಗದೇ ಇರುವುದರ ಜೊತೆಗೆ ಎಣ್ಣೆ ಜಿಡ್ಡೂ ಹೋಗುವುದಿಲ್ಲ, ಟ್ಯಾಬ್ಲೆಟ್ ಅರ್ಧಂಬರ್ಧ ಕರಗಿ ತಳದಲ್ಲಿ ಬಿದ್ದಿರುತ್ತದೆ. ಪಾತ್ರೆ ಚೊಕ್ಕಟವಾಗಿದೆ ಆದರೆ ಒದ್ದೆ ಅಂದರೆ ಹೀಟರ್ ಕೆಟ್ಟಿರುವ ಸಾಧ್ಯತೆ ಕಡಿಮೆ.

ಬಿಸಿ ಇದೆ, ಆದರೂ ಒದ್ದೆ. ಹತ್ತರಲ್ಲಿ ಏಳೆಂಟು ಮನೆಯ ಕಥೆ ಇದೇ ಅಂತ ನನ್ನ ಅಂದಾಜು. ಮೊದಲು ರಿನ್ಸ್ ಏಡ್ ನೋಡಿ, ಡಿಟರ್ಜೆಂಟ್ ಅಲ್ಲದೆ ಬೇರೆ ಡಬ್ಬಿಗೆ ತುಂಬಿಸುವ ದ್ರವ ಅದು. ಅದು ಬರೀ ಹೊಳಪಿಗೆ ಅಂದುಕೊಂಡು ಹಾಕದೇ ಬಿಡುವವರು ಬಹಳ. ಅದರ ಅಸಲು ಕೆಲಸ, ನೀರು ಹನಿ ಹನಿಯಾಗಿ ನಿಲ್ಲದ ಹಾಗೆ ತೆಳ್ಳಗೆ ಹರಡಿ ಜಾರಿಹೋಗುವಂತೆ ಮಾಡುವುದು. ತೆಳು ಪದರ ಬೇಗ ಆರುತ್ತದೆ, ದಪ್ಪ ಹನಿ ಆರುವುದಿಲ್ಲ. ಡಬ್ಬಿ ತುಂಬಿಸಿ, ಸೆಟ್ಟಿಂಗ್ ಒಂದು ನಂಬರ್ ಮೇಲಕ್ಕೆ ಏರಿಸಿ, ಎರಡು ಮೂರು ಸಲ ಓಡಿಸಿ ನೋಡಿ. ಗ್ಲಾಸ್ ಮೇಲೆ ನೀಲಿ ಗೆರೆ ಕಾಣಿಸಿಕೊಂಡರೆ ಜಾಸ್ತಿಯಾಯಿತು ಅಂತ ಅರ್ಥ, ಒಂದು ಇಳಿಸಿ. ಆಲ್ ಇನ್ ಒನ್ ಟ್ಯಾಬ್ಲೆಟ್ ಹಾಕ್ತೀನಿ ಅದರಲ್ಲೇ ಎಲ್ಲ ಇದೆ ಅನ್ನುವವರಿಗೂ ನಾನು ಹೇಳುವುದು ಇದೇ: ಬೇರೆಯಾಗಿ ರಿನ್ಸ್ ಏಡ್ ಹಾಕಿ ನೋಡಿ, ವ್ಯತ್ಯಾಸ ಕಾಣುತ್ತದೆ.

ಆಮೇಲೆ ಪ್ರೋಗ್ರಾಂ. ಅರ್ಧ ಗಂಟೆಯ ಕ್ವಿಕ್‌ನಲ್ಲಿ ಒಣಗಿಸುವ ಹಂತ ಸಾಮಾನ್ಯವಾಗಿ ಇರುವುದೇ ಇಲ್ಲ, ಇಕೋದಲ್ಲಿ ಬಿಸಿ ಕಡಿಮೆ. ಎಕ್ಸ್‌ಟ್ರಾ ಡ್ರೈ ಬಟನ್ ಇದ್ದರೆ ಒತ್ತಿ, ಕರೆಂಟ್ ಸ್ವಲ್ಪ ಜಾಸ್ತಿ ಹೋಗುತ್ತದೆ ಅಷ್ಟೇ. ಜೋಡಿಸುವುದರಲ್ಲೂ ನಮ್ಮ ಪಾತ್ರೆಗಳದ್ದು ಒಂದು ತಕರಾರಿದೆ. ಅಂಚು ಮಡಚಿದ ಸ್ಟೀಲ್ ತಟ್ಟೆ, ತಳದಲ್ಲಿ ಗುಂಡಿ ಇರುವ ಲೋಟ, ಬಟ್ಟಲು, ಇವುಗಳಲ್ಲಿ ನೀರು ನಿಂತೇ ನಿಲ್ಲುತ್ತದೆ. ನೆಟ್ಟಗೆ ಇಡಬೇಡಿ, ಓರೆಯಾಗಿ ಒರಗಿಸಿ. ಮಕ್ಕಳ ಟಿಫನ್ ಡಬ್ಬಿಯಂಥ ಪ್ಲಾಸ್ಟಿಕ್ ಎಷ್ಟು ಮಾಡಿದರೂ ಒಣಗುವುದಿಲ್ಲ, ಅದು ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಅದಕ್ಕೆ ಬಟ್ಟೆಯೇ ಗತಿ. ಪಾತ್ರೆ ತೆಗೆಯುವಾಗ ಕೆಳಗಿನ ಟ್ರೇ ಮೊದಲು ಖಾಲಿ ಮಾಡಿ, ಇಲ್ಲದಿದ್ದರೆ ಮೇಲಿನ ಲೋಟದ ನೀರೆಲ್ಲ ಕೆಳಗಿನ ಒಣಗಿದ ತಟ್ಟೆಗೆ ಬೀಳುತ್ತದೆ.

ಈಗ ತಟ್ಟೆ ತಣ್ಣಗಿರುವವರು. ಸ್ಕ್ರೂ ಡ್ರೈವರ್ ಆಮೇಲೆ, ಮೊದಲು ಕರೆಂಟ್ ಮೀಟರ್ ಹತ್ತಿರ ಹೋಗಿ. ಮೀಟರಿನಲ್ಲಿ ಮಿನುಗುವ ಕೆಂಪು ದೀಪ ಇರುತ್ತದೆ, ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿನುಗು ಅಂತ ಬರೆದಿರುತ್ತದೆ, ಎಷ್ಟೋ ಮೀಟರ್‌ಗಳಲ್ಲಿ ಅದು 3200. ಗೀಸರ್, ಫ್ರಿಜ್, ಎಸಿ, ಮೋಟರ್ ಎಲ್ಲ ಆಫ್ ಮಾಡಿ, ಡಿಶ್‌ವಾಷರ್ ಒಂದೇ ಓಡಲಿ. ನೀರು ತುಂಬಿ ಚಿಮ್ಮಲು ಶುರುವಾದ ಹತ್ತು ಹದಿನೈದು ನಿಮಿಷದೊಳಗೆ ಹೀಟರ್ ಆನ್ ಆಗಬೇಕು. ಹೀಟರ್ ಸುಮಾರು 2000 ವ್ಯಾಟ್. ಅದು ಆನ್ ಆದರೆ 3200ರ ಮೀಟರಿನಲ್ಲಿ ದೀಪ ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಸಲ ಮಿನುಗುತ್ತದೆ. ಬರೀ ಪಂಪ್ ಓಡುತ್ತಿದ್ದರೆ ಹತ್ತು ಸೆಕೆಂಡಿಗೋ ಇನ್ನೂ ತಡವಾಗಿಯೋ ಒಂದು ಸಲ. ಈ ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುತ್ತದೆ, ಯಾವ ಉಪಕರಣವೂ ಬೇಡ. ಪೂರ್ತಿ ಮುಖ್ಯ ತೊಳೆತದಲ್ಲಿ ಒಮ್ಮೆಯೂ ದೀಪ ಜೋರಾಗಲಿಲ್ಲ ಅಂದರೆ ಹೀಟರಿಗೆ ಕರೆಂಟ್ ಹೋಗುತ್ತಿಲ್ಲ, ಇದು ಖಚಿತ.

ಕರೆಂಟ್ ಹೋಗದಿರುವುದಕ್ಕೆ ಹೀಟರೇ ಸುಟ್ಟಿರಬೇಕು ಅಂತೇನಿಲ್ಲ. ಈಗಿನ ಮಷೀನ್‌ಗಳಲ್ಲಿ ನೀರು ಹೀಟರ್ ಮೂಲಕ ಹರಿಯುತ್ತಾ ಕಾಯುತ್ತದೆ, ಹರಿವು ಕಡಿಮೆ ಅನ್ನಿಸಿದರೆ ಮಷೀನ್ ತಾನಾಗಿಯೇ ಹೀಟರ್ ಹಾಕುವುದಿಲ್ಲ. ಹಾಗಾಗಿ ತಳದ ಫಿಲ್ಟರ್ ತೆಗೆದು ಹಳೆ ಬ್ರಷ್‌ನಲ್ಲಿ ತಿಕ್ಕಿ. ಅನ್ನದ ಅಗುಳು, ಸಾಸಿವೆ, ಕರಿಬೇವಿನ ಕಡ್ಡಿ, ಎಲ್ಲ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ನೊರೆ. ಡಿಟರ್ಜೆಂಟ್ ಮುಗಿದಿದೆ ಅಂತ ಸಿಂಕ್ ಪಕ್ಕದ ಪಾತ್ರೆ ಲಿಕ್ವಿಡ್ ಸ್ವಲ್ಪ ಸುರಿದರೆ ಮುಗಿಯಿತು, ಪಂಪ್ ನೀರಿನ ಬದಲು ನೊರೆ ಎಳೆಯುತ್ತದೆ.

ವೋಲ್ಟೇಜ್ ಕೂಡ ನೋಡಿ. 230 ಇರಬೇಕಾದಲ್ಲಿ 190 ಬರುತ್ತಿದ್ದರೆ ಹೀಟರಿನ ಶಕ್ತಿ ಮೂರರಲ್ಲಿ ಎರಡು ಭಾಗಕ್ಕೆ ಇಳಿಯುತ್ತದೆ. ಬೇಸಿಗೆಯ ಸಂಜೆ ಮಾತ್ರ ಪಾತ್ರೆ ಒದ್ದೆ, ರಾತ್ರಿ ಹನ್ನೊಂದರ ಮೇಲೆ ಹಾಕಿದರೆ ಸರಿ ಅನ್ನುವ ಮನೆಗಳಲ್ಲಿ ಇದೇ ಕಾರಣ ಇರಬಹುದು. ಪ್ಲಗ್ 16 ಆಂಪ್ಸ್‌ನದ್ದೇ ಇರಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಖಂಡಿತ ಬೇಡ, ಪಿನ್ ಕಪ್ಪಾಗಿದ್ದರೆ ಅಲ್ಲೇ ಉತ್ತರ ಸಿಕ್ಕಿತು.

ಇಷ್ಟೂ ಸರಿ ಇದ್ದರೆ ಒಳಗೆ ನೋಡಬೇಕು. ಬಾಷ್‌ನಲ್ಲಿ ಇ09, ಎಲ್‌ಜಿಯಲ್ಲಿ ಎಚ್‌ಇ ಅಂತ ಎರರ್ ಕೋಡ್ ಬಂದಿದ್ದರೆ ಮಷೀನೇ ಹೀಟರ್ ಕಡೆ ಕೈ ತೋರಿಸುತ್ತಿದೆ. ಮಲ್ಟಿಮೀಟರ್ ಹಿಡಿದು ಅಭ್ಯಾಸ ಇದ್ದರೆ ಮಾತ್ರ ಮುಂದೆ ಹೋಗಿ. ಪ್ಲಗ್ ಕಿತ್ತು, ನೀರಿನ ನಲ್ಲಿ ಬಂದ್ ಮಾಡಿ, ಹೀಟರಿನ ವೈರ್ ಬಿಚ್ಚಿ ಎರಡು ಟರ್ಮಿನಲ್ ಮಧ್ಯೆ ಓಮ್ ಅಳೆಯಿರಿ. 2000 ವ್ಯಾಟ್‌ನದ್ದಾದರೆ 26 ಓಮ್ ಆಸುಪಾಸು, 1800ರದ್ದಾದರೆ 29. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ. ಟರ್ಮಿನಲ್‌ಗೂ ಲೋಹದ ಮೈಗೂ ಮಧ್ಯೆ ಸಂಪರ್ಕ ಇರಲೇಬಾರದು. ಹೀಟರ್ ಆನ್ ಆಗುವ ಹೊತ್ತಿಗೇ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತಿದ್ದರೆ ಹೀಟರಿನಿಂದ ಕರೆಂಟ್ ಲೀಕ್ ಆಗುತ್ತಿದೆ. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ಓಡಿಸುವ ಐಡಿಯಾ ಯಾರು ಕೊಟ್ಟರೂ ಕೇಳಬೇಡಿ.

ಹೀಟರ್ ಓಮ್ ಸರಿ ಇದ್ದೂ ಕರೆಂಟ್ ಬರುತ್ತಿಲ್ಲವಾ? ಹಾಗಾದರೆ ನೀರಿನ ಬಿಸಿ ಅಳೆಯುವ ಸೆನ್ಸರ್, ಇಲ್ಲವೇ ಹೀಟರನ್ನು ಆನ್ ಆಫ್ ಮಾಡುವ ಬೋರ್ಡಿನ ಸ್ವಿಚ್, ಅಂದರೆ ರಿಲೇ. ಸೆನ್ಸರ್ ಪರೀಕ್ಷೆ ಸುಲಭ, ಬಿಸಿ ನೀರಲ್ಲಿ ಅದ್ದಿದರೆ ಓಮ್ ಸಲೀಸಾಗಿ ಇಳಿಯಬೇಕು. ರಿಲೇ ಕಾಲಿನ ಬೆಸುಗೆ ಬಿಸಿಗೆ ಬಿರುಕು ಬಿಟ್ಟಿರುವುದು ಮಾಮೂಲು. ಸುತ್ತ ಕಂದು ಕಲೆ, ಕಾಲಿನ ಬುಡದಲ್ಲಿ ಕೂದಲೆಳೆಯಷ್ಟು ಉಂಗುರದ ಗೆರೆ ಕಾಣುತ್ತದೆ. ಒಳ್ಳೆ ಎಲೆಕ್ಟ್ರಾನಿಕ್ಸ್ ರಿಪೇರಿಯವರು ಹೊಸ ಬೆಸುಗೆ ಹಾಕಿ, ಬೇಕಾದರೆ ರಿಲೇ ಬದಲಿಸಿ ಕೊಡುತ್ತಾರೆ. ಹಾಗಾಗಿ ಪೂರ್ತಿ ಬೋರ್ಡ್ ಹೊಸದು ಹಾಕಿಸಬೇಕು ಅಂದರೆ ಒಂದು ಸಲ ಯೋಚಿಸಿ.

ಬೋರ್‌ವೆಲ್ ನೀರಿನವರು ಗಡಸು ನೀರನ್ನು ಮೆದುಗೊಳಿಸುವ ಡಿಶ್‌ವಾಷರ್ ಸಾಲ್ಟ್ ಹಾಕದೆ ಓಡಿಸಿದರೆ ಹೀಟರ್ ಮೇಲೆ ಸುಣ್ಣದ ಪದರ ಕಟ್ಟಿ ಅದು ಬೇಗ ಸಾಯುತ್ತದೆ. ನೀರಿನ ಗಡಸುತನ ಅಳೆದು ಮಷೀನಿನಲ್ಲಿ ಆ ಸೆಟ್ಟಿಂಗ್ ಇಡಿ. ಕಾವೇರಿ ನೀರಿನ ಮನೆಯಿಂದ ಟ್ಯಾಂಕರ್ ನೀರಿನ ಮನೆಗೆ ಹೋದವರು ಇದನ್ನು ಬದಲಿಸಲು ಮರೆತಿರುತ್ತಾರೆ.

ಅಮೆರಿಕದಲ್ಲಿರುವವರ ಕಥೆ ಸ್ವಲ್ಪ ಬೇರೆ. ಅಲ್ಲಿನ ಬಹಳಷ್ಟು ಮಷೀನ್‌ಗಳಲ್ಲಿ ತಳದಲ್ಲೇ ಕಣ್ಣಿಗೆ ಕಾಣುವ ಕಾಯಿಲ್ ಇರುತ್ತದೆ, ಹೀಟೆಡ್ ಡ್ರೈ ಬಟನ್ ಒತ್ತಿದರೆ ಕೊನೆಯಲ್ಲಿ ಅದೇ ಒಳಗಿನ ಗಾಳಿ ಕಾಯಿಸುತ್ತದೆ. ಮೊದಲು ಆ ಬಟನ್ ಆನ್ ಇದೆಯಾ ನೋಡಿ, ನಗಬೇಡಿ, ಯಾರೋ ಒರೆಸುವಾಗ ಆಫ್ ಆಗಿರುತ್ತದೆ. ಆಮೇಲೆ ಕಾಯಿಲ್ ಮೇಲೆ ಬೊಬ್ಬೆ, ಸೀಳು ಇದೆಯಾ ನೋಡಿ. ಅಲ್ಲಿ 120 ವೋಲ್ಟ್, ಆದ್ದರಿಂದ ಓಮ್ ಸಾಮಾನ್ಯವಾಗಿ 10ರಿಂದ 30ರೊಳಗೆ. ಕಾಯಿಲ್ ಸರಿ ಇದ್ದರೆ ತೊಟ್ಟಿಯ ಅಡಿಯಲ್ಲಿರುವ ಹೈ ಲಿಮಿಟ್ ಥರ್ಮೋಸ್ಟಾಟ್ (ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್) ಅಳೆಯಿರಿ, ತಣ್ಣಗಿರುವಾಗ ಹತ್ತಿರ ಹತ್ತಿರ ಸೊನ್ನೆ ತೋರಿಸಬೇಕು. ಇಲ್ಲದಿದ್ದರೆ ಬದಲಿಸಿ. ಮಷೀನ್ ವೈರನ್ನು ಗೋಡೆಯೊಳಗಿಂದ ನೇರ ಕೊಟ್ಟಿದ್ದರೆ ಕೀಳಲು ಪ್ಲಗ್ ಇರುವುದಿಲ್ಲ, ಬ್ರೇಕರ್ ಇಳಿಸಿ, ಕರೆಂಟ್ ಇಲ್ಲ ಅಂತ ಟೆಸ್ಟರಿನಲ್ಲಿ ಖಾತ್ರಿ ಮಾಡಿಕೊಂಡೇ ಕೈ ಹಾಕಿ.